ನೆತ್ತಿಯ ಗಾಯ ಮುಚ್ಚುವ ಮುನ್ನ

ಮುಂಗೈ ಮೇಲಿನ ಚರ್ಮವನ್ನು ಎರಡು ಬೆರಳಿನಿಂದ ಚಿವುಟಿ ಎತ್ತಬಹುದು. ಹೊಟ್ಟೆಯ ಮೇಲಂತೂ ಒಂದು ಹಿಡಿಯೇ ಸಿಗುತ್ತದೆ. ನೆತ್ತಿಯ ಮೇಲೆ ಹಾಗೆ ಮಾಡಲು ಹೋದರೆ ಬೆರಳು ಜಾರುತ್ತದೆ. ಅಲ್ಲಿ ಚರ್ಮ ಬುರುಡೆಯ ಮೇಲೆ ಬಿಗಿದುಕೊಂಡು ಕೂತಿದೆ. ಆರೋಗ್ಯವಾಗಿರುವಷ್ಟು ದಿನ ಈ ಬಿಗಿತ ಯಾರ ಗಮನಕ್ಕೂ ಬರುವುದಿಲ್ಲ. ಅಲ್ಲೊಂದು ಕ್ಯಾನ್ಸರ್ ಹುಣ್ಣು ಎದ್ದು, ಅದನ್ನು ಸುತ್ತಲಿನ ಒಂದಷ್ಟು ಒಳ್ಳೆಯ ಚರ್ಮದ ಸಮೇತ ಕತ್ತರಿಸಿ ತೆಗೆದಾಗ ಅದರ ಕಷ್ಟ ಗೊತ್ತಾಗುತ್ತದೆ. ಐದಾರು ಸೆಂಟಿಮೀಟರ್ ಅಗಲದ ಗಾಯ, ತಳದಲ್ಲಿ ಬೆಳ್ಳಗೆ ಕಾಣುವ ಮೂಳೆ, ಎಷ್ಟು ಎಳೆದರೂ ಬಾರದ ಅಂಚುಗಳು. ರೋಗಿಯೂ ಮನೆಯವರೂ ಮೊದಲು ಕೇಳುವುದು ಒಂದೇ ಮಾತು: "ಇದನ್ನು ಯಾವಾಗ ಮುಚ್ತೀರಿ ಡಾಕ್ಟ್ರೇ?" ಸಹಜವಾದ ಪ್ರಶ್ನೆ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ ಇದೆ ಎಂಬುದು ನನ್ನ ವಾದ. ಕ್ಯಾನ್ಸರ್ ಪೂರ್ತಿ ಹೋಗಿದೆಯೇ? ಹೋಗಿದೆ ಎಂದು ಯಾರು, ಏನನ್ನು ನೋಡಿ ಹೇಳಿದರು? ಆ ಉತ್ತರ ಕೈಗೆ ಬರುವ ತನಕ ನೆತ್ತಿಯ ಚರ್ಮವನ್ನು ಸರಿಸಿ, ತಿರುಗಿಸಿ ಹೊಲಿಯುವ ಅವಸರ ಬೇಡ. ಉತ್ತರ ಬಂದ ಮೇಲೂ, ಗಾಯಕ್ಕೆ ಸಾಕಾಗುವಷ್ಟು ಸರಳವಾದ ಮುಚ್ಚುಗೆಯೇ ಬಹುಪಾಲು ರೋಗಿಗಳಿಗೆ ಒಳ್ಳೆಯದು.

ಈ ಮಾತು ಅರ್ಥವಾಗಲು ನೆತ್ತಿಯ ರಚನೆ ಸ್ವಲ್ಪ ಗೊತ್ತಿರಬೇಕು. ಬುರುಡೆಯ ಮೇಲೆ ಐದು ಪದರಗಳಿವೆ. ಮೇಲಿನದು ಕೂದಲಿರುವ ದಪ್ಪ ಚರ್ಮ. ಅದರಡಿ ನಾರು ಮತ್ತು ಕೊಬ್ಬು ಹೆಣೆದುಕೊಂಡ ಪದರ. ರಕ್ತನಾಳಗಳು ಹರಿಯುವುದು ಇಲ್ಲಿ. ಮೂರನೆಯದು ಗೇಲಿಯಾ ಎಂಬ ಗಟ್ಟಿ ನಾರಿನ ಹಾಳೆ. ಹಣೆಯ ಸ್ನಾಯುವನ್ನು ಹಿಂದಲೆಯ ಸ್ನಾಯುವಿಗೆ ಸೇರಿಸುವ ಈ ಹಾಳೆ ಹಿಗ್ಗುವುದಿಲ್ಲ. ನೆತ್ತಿ ಚಿವುಟಿಗೆ ಸಿಗದಿರಲು ಮುಖ್ಯ ಕಾರಣ ಇದೇ. ನಾಲ್ಕನೆಯದು ಸಡಿಲವಾದ ತೆಳುಪದರ. ಹುಬ್ಬೇರಿಸಿದಾಗ ನೆತ್ತಿ ಹಿಂದೆಮುಂದೆ ಸರಿಯುವುದು ಅದರಿಂದ. ಐದನೆಯದು ಮೂಳೆಗೆ ಅಂಟಿಕೊಂಡಿರುವ ಪೊರೆ, ಪೆರಿಕ್ರೇನಿಯಂ. ಇಷ್ಟಕ್ಕೂ ರಕ್ತ ಕೊಡಲು ಎರಡೂ ಬದಿಯಲ್ಲಿ ಐದೈದು ಅಪಧಮನಿಗಳಿವೆ: ಹಣೆಯ ಕಡೆಯಿಂದ ಎರಡು, ಕಿವಿಯ ಮುಂದೆ ಒಂದು, ಕಿವಿಯ ಹಿಂದೆ ಒಂದು, ಹಿಂದಲೆಯ ಕಡೆಯಿಂದ ಒಂದು. ಇವೆಲ್ಲ ನಡುನೆತ್ತಿಯಲ್ಲಿ ಒಂದರೊಳಗೊಂದು ಕೂಡಿಕೊಳ್ಳುತ್ತವೆ. ತಲೆಗೆ ಸಣ್ಣ ಪೆಟ್ಟು ಬಿದ್ದರೂ ರಕ್ತ ಧಾರಾಕಾರ ಸುರಿಯಲು ಈ ಸಮೃದ್ಧಿಯೇ ಕಾರಣ. ಕತ್ತರಿಸಿದ ನಾಳದ ಬಾಯನ್ನು ಸುತ್ತಲಿನ ನಾರು ಮುಚ್ಚಿಕೊಳ್ಳಲು ಬಿಡುವುದಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಅದೇ ಸಮೃದ್ಧಿ ವರವಾಗುತ್ತದೆ. ನೆತ್ತಿಯ ಅರ್ಧಭಾಗವನ್ನು ಒಂದೇ ರಕ್ತನಾಳದ ಆಸರೆಯಲ್ಲಿ ಎತ್ತಿ ಸರಿಸಿದರೂ ಅದು ಬದುಕಬಲ್ಲದು, ತೆರೆದ ಗಾಯವೂ ಬೇರೆಡೆಗಿಂತ ಹೆಚ್ಚು ತಾಳಿಕೊಳ್ಳುತ್ತದೆ.

ನೆತ್ತಿಯ ಚರ್ಮದ ಕ್ಯಾನ್ಸರ್ ಯಾರಿಗೆ ಬರುತ್ತದೆ? ಹೆಚ್ಚಾಗಿ, ಬಿಸಿಲಿನಲ್ಲಿ ಬದುಕಿದ ಬಿಳಿಚರ್ಮದ, ಕೂದಲುದುರಿದ ಹಿರಿಯ ಗಂಡಸರಿಗೆ. ಆಸ್ಟ್ರೇಲಿಯಾದಲ್ಲಿ 70 ವರ್ಷ ತುಂಬುವುದರೊಳಗೆ ಮೂವರಲ್ಲಿ ಇಬ್ಬರಿಗೆ ಒಂದಲ್ಲ ಒಂದು ಬಗೆಯ ಚರ್ಮದ ಕ್ಯಾನ್ಸರ್ ಪತ್ತೆಯಾಗುತ್ತದೆ ಎಂಬ ಅಂದಾಜಿದೆ. ಅಲ್ಲಿನ ಬೋಳುನೆತ್ತಿಯ ಮೇಲೆ ವರ್ಷಗಟ್ಟಲೆ ಒರಟು ಹಕ್ಕಳೆಗಳು ಎದ್ದು, ಅವುಗಳ ನಡುವೆ ಎಲ್ಲೋ ಒಂದು ಕ್ಯಾನ್ಸರಾಗಿ ತಿರುಗುವುದು ವೈದ್ಯರಿಗೆ ದಿನನಿತ್ಯದ ನೋಟ. ಮೂತ್ರಪಿಂಡವನ್ನೋ ಹೃದಯವನ್ನೋ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗುವವರಲ್ಲಿ ಸ್ಕ್ವಾಮಸ್ ಎಂಬ ಬಗೆಯ ಚರ್ಮದ ಕ್ಯಾನ್ಸರಿನ ಅಪಾಯ ಹತ್ತಾರು ಪಟ್ಟು ಏರುತ್ತದೆ. ಇಸ್ರೇಲಿನಲ್ಲಿ 1950ರ ದಶಕದ ಆಸುಪಾಸು ಸಾವಿರಾರು ವಲಸಿಗ ಮಕ್ಕಳ ತಲೆಯ ಹುಳುಕಡ್ಡಿಗೆ ಎಕ್ಸ್‌ರೇ ಕೊಟ್ಟಿದ್ದರು. ದಶಕಗಳ ನಂತರ ಅವರ ನೆತ್ತಿಯಲ್ಲಿ ಬೇಸಲ್ ಸೆಲ್ ಎಂಬ ಇನ್ನೊಂದು ಬಗೆಯ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಂಡಿತು. ನಮ್ಮಲ್ಲಿ ಚರ್ಮದ ಕಪ್ಪು ಒಂದು ರಕ್ಷಣೆ, ಹಾಗಾಗಿ ಒಟ್ಟು ಕ್ಯಾನ್ಸರುಗಳಲ್ಲಿ ಇದರ ಪಾಲು ಸಣ್ಣದು. ಬಂದಾಗ ಅದು ಬೇರೆ ದಾರಿಯಿಂದ ಬರುತ್ತದೆ: ಚಿಕ್ಕಂದಿನಲ್ಲಿ ಸುಟ್ಟ ಗಾಯದ ಹಳೆಯ ಕಲೆ, ವರ್ಷಗಟ್ಟಲೆ ಮಾಯದ ಹುಣ್ಣು, ಕೂದಲುದುರಿಸಿ ಕಲೆ ಉಳಿಸುವ ಡಿಸ್ಕಾಯ್ಡ್ ಲೂಪಸ್, ಹುಟ್ಟಿನಿಂದಲೇ ಚರ್ಮದಲ್ಲಿ ಬಣ್ಣವಿಲ್ಲದಿರುವುದು. ಸುಟ್ಟ ಕಲೆಯಲ್ಲಿ ಹುಟ್ಟುವ ಹುಣ್ಣಿಗೆ ಫ್ರೆಂಚ್ ವೈದ್ಯ ಮಾರ್ಜೋಲಿನ್‌ನ ಹೆಸರಿದೆ. 1828ರಲ್ಲೇ ಆತ ಅಂಥ ಹುಣ್ಣುಗಳನ್ನು ವಿವರಿಸಿದ್ದ. ಸುಟ್ಟ ದಿನದಿಂದ ಕ್ಯಾನ್ಸರ್ ಏಳಲು ಎರಡು ಮೂರು ದಶಕ ಹಿಡಿಯಬಹುದು. ಹಳೆಯ ಕಲೆಯಲ್ಲಿ ಹೊಸದಾಗಿ ಬಿರುಕೋ ಗಂಟೋ ಎದ್ದು ತಿಂಗಳಾದರೂ ಮಾಯದಿದ್ದರೆ ಮುಲಾಮು ಬದಲಿಸುತ್ತಾ ಕೂರದೆ ಬಯಾಪ್ಸಿ ಮಾಡಿಸಬೇಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ಕ್ಯಾನ್ಸರಿನ ಅಂಚು ಕಣ್ಣಿಗೆ ಕಾಣುವ ಹುಣ್ಣಿನ ಅಂಚಲ್ಲ. ಹುಣ್ಣಿನ ಸುತ್ತ ನುಣ್ಣಗೆ, ಆರೋಗ್ಯವಾಗಿ ಕಾಣುವ ಚರ್ಮದಡಿಯಲ್ಲೇ ಅದರ ಎಳೆಗಳು ಹರಿದಿರಬಹುದು. ನೆತ್ತಿಯಲ್ಲಿ ಗೇಲಿಯಾ ಹಾಳೆಯ ಮೇಲ್ಮೈ ಹಿಡಿದು ಅಡ್ಡಡ್ಡಲಾಗಿ ಹಬ್ಬುವುದೂ ಉಂಟು. ಅದಕ್ಕಾಗಿಯೇ ಸರ್ಜನ್ನರು ಅಂದಾಜಿನ ಮೇಲೆ ಸುತ್ತಲಿನ ಒಳ್ಳೆಯ ಚರ್ಮವನ್ನೂ ತೆಗೆಯುತ್ತಾರೆ. ಅಪಾಯ ಕಡಿಮೆಯಿರುವ ಬೇಸಲ್ ಸೆಲ್ ಕ್ಯಾನ್ಸರಿಗೆ ಸುಮಾರು 4 ಮಿಲಿಮೀಟರ್, ಸ್ಕ್ವಾಮಸ್ ಆದರೆ 4ರಿಂದ 6 ಅಥವಾ ಇನ್ನೂ ಹೆಚ್ಚು, ಮೆಲನೋಮಾ ಎಂಬ ಬಗೆಯಾದರೆ ಅದರ ಆಳಕ್ಕೆ ತಕ್ಕಂತೆ 1ರಿಂದ 2 ಸೆಂಟಿಮೀಟರ್. ತೆಗೆದ ತುಂಡು ಪ್ಯಾಥಾಲಜಿಸ್ಟ್ ಬಳಿಗೆ ಹೋಗುತ್ತದೆ. ಸಾಮಾನ್ಯ ಪದ್ಧತಿಯಲ್ಲಿ ಅದನ್ನು ಬ್ರೆಡ್ಡಿನ ಹಾಗೆ ಹೋಳು ಮಾಡಿ, ಪ್ರತಿ ಹೋಳಿನಿಂದ ಒಂದೊಂದು ತೆಳುಪದರ ಎತ್ತಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಹೋಳು ಹೋಳಿನ ನಡುವೆ ಉಳಿದದ್ದನ್ನು ಯಾರೂ ನೋಡುವುದಿಲ್ಲ. ಲೆಕ್ಕ ಹಾಕಿದರೆ ಇಡೀ ಅಂಚಿನ ಶೇಕಡಾ ಒಂದರಷ್ಟೂ ಕಣ್ಣಿಗೆ ಬಿದ್ದಿರುವುದಿಲ್ಲ. "ಅಂಚು ಶುದ್ಧವಾಗಿದೆ" ಎಂಬ ವರದಿ ಬಂದಾಗ ಅದರ ಅರ್ಥ, ನೋಡಿದ ಜಾಗದಲ್ಲಿ ಕ್ಯಾನ್ಸರ್ ಇರಲಿಲ್ಲ ಎಂದಷ್ಟೇ. ದುಂಡನೆಯ ಸಣ್ಣ ಗಡ್ಡೆಗೆ ಇಷ್ಟು ಸಾಕಾಗುತ್ತದೆ. ಬೇರು ಬಿಟ್ಟು ಹರಡುವ ಜಾತಿಗೆ, ಒಮ್ಮೆ ತೆಗೆದು ಮತ್ತೆ ಬಂದ ಗಡ್ಡೆಗೆ, ಕಸಿ ರೋಗಿಯ ನೆತ್ತಿಗೆ ಇದು ಸಾಲದು.

ಇದಕ್ಕೆ ಪರಿಹಾರ ಹುಡುಕಿದವರು ಅಮೆರಿಕದ ವಿಸ್ಕಾನ್ಸಿನ್‌ನ ಫ್ರೆಡೆರಿಕ್ ಮೋಹ್ಸ್. ವಿದ್ಯಾರ್ಥಿಯಾಗಿದ್ದಾಗಲೇ, ಸತುವಿನ ಕ್ಲೋರೈಡ್ ಸವರಿದರೆ ಅಂಗಾಂಶ ಸತ್ತರೂ ಅದರ ರಚನೆ ಕೆಡದೆ ಉಳಿಯುತ್ತದೆ ಎಂಬುದನ್ನು ಗಮನಿಸಿ, ಕ್ಯಾನ್ಸರನ್ನು ಪದರ ಪದರವಾಗಿ ತೆಗೆದು ಪ್ರತಿ ಪದರದ ತಳ ಮತ್ತು ಸುತ್ತಂಚನ್ನು ಪೂರ್ತಿ ಪರೀಕ್ಷಿಸುವ ವಿಧಾನ ರೂಪಿಸಿ 1941ರಲ್ಲಿ ಪ್ರಕಟಿಸಿದರು. ಈಗ ಆ ಲೇಪನ ಬಳಕೆಯಲ್ಲಿಲ್ಲ. ತೆಗೆದ ಪದರವನ್ನು ಆಗಲೇ ಹೆಪ್ಪುಗಟ್ಟಿಸಿ ನೋಡುತ್ತಾರೆ. ತುಂಡಿಗೆ ಬಣ್ಣದ ಗುರುತು ಹಾಕಿ ನಕ್ಷೆ ಬರೆದುಕೊಳ್ಳುವುದರಿಂದ, ಗಡಿಯಾರದ ಮೂರು ಗಂಟೆಯ ದಿಕ್ಕಿನಲ್ಲಿ ಇನ್ನೂ ಉಳಿದಿದೆ ಎಂದು ಕಂಡರೆ ಅಲ್ಲಿ ಮಾತ್ರ ಮತ್ತೊಂದು ಪದರ ತೆಗೆದರಾಯಿತು. ನೆದರ್ಲೆಂಡ್ಸ್‌ನಲ್ಲಿ ಮುಖದ ಬೇಸಲ್ ಸೆಲ್ ಕ್ಯಾನ್ಸರ್ ಇದ್ದವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೋಹ್ಸ್ ವಿಧಾನ, ಇನ್ನೊಂದಕ್ಕೆ ಸಾಮಾನ್ಯ ಶಸ್ತ್ರಚಿಕಿತ್ಸೆ ಮಾಡಿ ಹತ್ತು ವರ್ಷ ಗಮನಿಸಿದರು. ಮೊದಲ ಸಲದ ಗಡ್ಡೆಗಳಲ್ಲಿ ಮರುಕಳಿಸಿದ್ದು ಮೋಹ್ಸ್ ಗುಂಪಿನಲ್ಲಿ ಶೇ. 4.4, ಇನ್ನೊಂದರಲ್ಲಿ ಶೇ. 12.2. ಮರುಕಳಿಸಿ ಬಂದ ಗಡ್ಡೆಗಳಲ್ಲಿ ಶೇ. 3.9 ಮತ್ತು 13.5. ಅಧ್ಯಯನ ನಡೆದದ್ದು ಮುಖದ ಮೇಲಾದರೂ ಅದು ತೋರಿಸಿದ ಸಂಗತಿ ನೆತ್ತಿಗೂ ಸಲ್ಲುತ್ತದೆ: ಅಂಚನ್ನು ಪೂರ್ತಿ ನೋಡಿದಷ್ಟೂ ಕಾಯಿಲೆ ಮರಳುವುದು ಕಡಿಮೆ. ಇನ್ನೊಂದು ವಿಷಯವನ್ನೂ ಆ ಅಧ್ಯಯನ ತಿಳಿಸಿತು. ಮೊದಲ ಸಲದ ಗಡ್ಡೆಗಳಲ್ಲಿ ಮರುಕಳಿಸಿದವುಗಳ ಅರ್ಧಕ್ಕಿಂತ ಹೆಚ್ಚು ಕಾಣಿಸಿಕೊಂಡದ್ದು ಐದು ವರ್ಷ ಕಳೆದ ಮೇಲೆ. ಅಂದರೆ ಇಂದು ನೆತ್ತಿಯ ಮೇಲೆ ಏನನ್ನು ಹೊದಿಸುತ್ತೇವೋ ಅದರಡಿಯಲ್ಲಿ ಕಾಯಿಲೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯಬಹುದು.

ಅವಸರದ ಮುಚ್ಚುಗೆಯಿಂದಾಗುವ ಹಾನಿ ಇಲ್ಲೇ ಇದೆ. ನೆತ್ತಿಯ ದೊಡ್ಡ ಗಾಯಕ್ಕೆ ಪಕ್ಕದ ಚರ್ಮವನ್ನು ಅರ್ಧಚಂದ್ರಾಕಾರದಲ್ಲಿ ಕತ್ತರಿಸಿ, ಬುಡದಲ್ಲಿ ರಕ್ತನಾಳ ಉಳಿಸಿಕೊಂಡು ಎತ್ತಿ, ತಿರುಗಿಸಿ ತಂದು ಗಾಯದ ಮೇಲೆ ಕೂರಿಸುವುದುಂಟು. ಇದನ್ನು ಫ್ಲ್ಯಾಪ್ ಎನ್ನುತ್ತಾರೆ. ನೆತ್ತಿ ಹಿಗ್ಗದ ಕಾರಣ ಸಣ್ಣ ಗಾಯಕ್ಕೂ ಉದ್ದುದ್ದ ಕತ್ತರಿಸಬೇಕು. ಗಾಯದ ಅಗಲಕ್ಕಿಂತ ನಾಲ್ಕಾರು ಪಟ್ಟು ಉದ್ದದ ಬಾಗು ಬೇಕಾಗುವುದು ಸಾಮಾನ್ಯ. ಇಷ್ಟೆಲ್ಲ ಸರಿಸಿ ಹೊಲಿದು ವಾರವಾದ ಮೇಲೆ ಪ್ಯಾಥಾಲಜಿಯಿಂದ "ಒಂದು ಕಡೆಯ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆ" ಎಂಬ ವರದಿ ಬಂದರೆ? ಆ ಅಂಚು ಈಗ ತನ್ನ ಜಾಗದಲ್ಲಿಲ್ಲ. ಅದು ಸರಿದು ಎಲ್ಲೋ ಸೇರಿಕೊಂಡಿದೆ, ಗಾಯದ ತಳ ದಪ್ಪ ಚರ್ಮದಡಿ ಹುದುಗಿದೆ. ಮತ್ತೆ ತೆಗೆಯಬೇಕೆಂದರೆ ತಂದಿಟ್ಟ ಫ್ಲ್ಯಾಪನ್ನೇ ಬಲಿ ಕೊಡಬೇಕಾಗಬಹುದು, ಎರಡನೆಯ ಸಲಕ್ಕೆ ಪಕ್ಕದಲ್ಲಿ ಚರ್ಮವೂ ಉಳಿದಿರುವುದಿಲ್ಲ. ಹಾಗಾಗಿಯೇ ಅಮೆರಿಕದ ನ್ಯಾಷನಲ್ ಕಾಂಪ್ರಹೆನ್ಸಿವ್ ಕ್ಯಾನ್ಸರ್ ನೆಟ್‌ವರ್ಕ್‌ನ ಮಾರ್ಗಸೂಚಿಯೂ, ಅಂಗಾಂಶವನ್ನು ಗಣನೀಯವಾಗಿ ಸ್ಥಳಾಂತರಿಸುವ ಮುಚ್ಚುಗೆಯನ್ನು ಅಂಚು ಶುದ್ಧವಾಗಿದೆ ಎಂದು ಖಚಿತವಾದ ಮೇಲೆ ಮಾಡಿ ಎನ್ನುತ್ತದೆ. ಮೋಹ್ಸ್ ತರಬೇತಿ ಪಡೆದವರು ಭಾರತದಲ್ಲಿ ಕಡಿಮೆ. ಆದರೆ ಸಾಮಾನ್ಯ ಪ್ಯಾಥಾಲಜಿ ವಿಭಾಗವೇ ಸುತ್ತಂಚು ಮತ್ತು ತಳವನ್ನು ಬೇರೆ ಬೇರೆ ಪಟ್ಟಿಯಾಗಿ ಕತ್ತರಿಸಿ ಪೂರ್ತಿ ನೋಡಲು ಸಾಧ್ಯವಿದೆ. ಒಂದಷ್ಟು ದಿನ ಹಿಡಿಯುತ್ತದೆ, ಅಷ್ಟೇ. ಯಂತ್ರಕ್ಕಿಂತ ಹೆಚ್ಚಾಗಿ ಬೇಕಾಗುವುದು ಸರ್ಜನ್ ಮತ್ತು ಪ್ಯಾಥಾಲಜಿಸ್ಟ್ ನಡುವಿನ ಮಾತುಕತೆ: ತುಂಡಿನ ಯಾವ ಬದಿ ಹಣೆಯ ಕಡೆಗಿತ್ತು, ಯಾವುದು ಕಿವಿಯ ಕಡೆಗಿತ್ತು ಎಂಬುದಕ್ಕೆ ದಾರದ ಒಂದು ಗುರುತು.

ಇದಕ್ಕೆ ಏಳುವ ಮೊದಲ ಆಕ್ಷೇಪ, ಗಾಯವನ್ನು ತೆರೆದಿಟ್ಟು ಹತ್ತು ಹದಿನೈದು ದಿನ ಕಾಯುವುದು ಹೇಗೆ ಎಂಬುದು. ಕೀವಾಗುವುದಿಲ್ಲವೇ? ನೋವಾಗುವುದಿಲ್ಲವೇ? ಭಯ ಸುಳ್ಳಲ್ಲ. ಆದರೆ ನೆತ್ತಿಯ ರಕ್ತಸಂಚಾರ ಚೆನ್ನಾಗಿರುವುದರಿಂದ ಸೋಂಕು ನಾವು ಅಂದುಕೊಳ್ಳುವಷ್ಟು ಸುಲಭವಾಗಿ ತಗಲುವುದಿಲ್ಲ. ನಿಜವಾದ ಶತ್ರು ಒಣಗುವಿಕೆ. ಪೆರಿಕ್ರೇನಿಯಂ ಪೊರೆ ಒಣಗಿದರೆ ಸಾಯುತ್ತದೆ. ಅದು ಸತ್ತರೆ ಅದರ ಕೆಳಗಿನ ಮೂಳೆಯ ಮೇಲ್ಪದರವೂ ಸಾಯಬಹುದು. ಆದ್ದರಿಂದ ವ್ಯಾಸಲೀನ್ ಹಚ್ಚಿದ ಜಾಳಿಗೆ ಬಟ್ಟೆ, ಅದರ ಮೇಲೆ ಒದ್ದೆ ಗಾಜ್ ಬಟ್ಟೆ, ಮೇಲೊಂದು ಪಟ್ಟಿ. ಡ್ರೆಸಿಂಗ್ ಬದಲಿಸುವುದನ್ನು ಮನೆಯವರಿಗೂ ಕಲಿಸಿಕೊಡಬಹುದು. ಇನ್ನೊಂದು ಉಪಾಯ ಕೃತಕ ಒಳಚರ್ಮ. ದನದ ಕೊಲಾಜೆನ್ ಮತ್ತು ಶಾರ್ಕ್ ಮೀನಿನ ಮೃದ್ವಸ್ಥಿಯಿಂದ ತೆಗೆದ ಒಂದು ಪದಾರ್ಥವನ್ನು ಸೇರಿಸಿ ಬಾಸ್ಟನ್ನಿನಲ್ಲಿ ಯಾನಿಸ್ ಯಾನಾಸ್ ಮತ್ತು ಜಾನ್ ಬರ್ಕ್ ತಯಾರಿಸಿದ ಇಂಟೆಗ್ರಾ ಎಂಬ ಹಾಳೆ ಮೊದಲು ದೊಡ್ಡ ಸುಟ್ಟಗಾಯಗಳಿಗೆ ಬಂತು. ಈಗ ಅದನ್ನು ನೆತ್ತಿಯ ಮೇಲೂ ಹೊದಿಸಿ ಮೂರು ನಾಲ್ಕು ವಾರ ಬಿಡುತ್ತಾರೆ. ರೋಗಿಯ ರಕ್ತನಾಳಗಳು ಅದರೊಳಗೆ ಬೆಳೆಯುತ್ತವೆ. ಅಷ್ಟರಲ್ಲಿ ಅಂಚಿನ ವರದಿ ಬಂದಿರುತ್ತದೆ. ಒಂದು ಸಂದರ್ಭದಲ್ಲಿ ಮಾತ್ರ ಕಾಯಲಾಗುವುದಿಲ್ಲ. ಕ್ಯಾನ್ಸರ್ ಬುರುಡೆಯನ್ನೇ ಕೊರೆದು, ನರಶಸ್ತ್ರವೈದ್ಯರು ಮೂಳೆಯ ತುಂಡನ್ನು ತೆಗೆದು, ಮಿದುಳಿನ ಹೊದಿಕೆ ತೆರೆದುಕೊಂಡಿದ್ದರೆ ಅಂದೇ, ಅದೇ ಮೇಜಿನ ಮೇಲೆ ದಪ್ಪ ಹೊದಿಕೆ ಹಾಕಲೇಬೇಕು. ಅಲ್ಲಿ ಮಿದುಳಿನ ಸೋಂಕಿನ ಅಪಾಯ ಕ್ಯಾನ್ಸರಿನ ಅಂಚಿಗಿಂತ ಹತ್ತಿರದ್ದು.

ಅಂಚು ಶುದ್ಧವೆಂದು ಗೊತ್ತಾದ ಮೇಲೆ ಹೇಗೆ ಮುಚ್ಚುವುದು? ಎರಡು ಮೂರು ಸೆಂಟಿಮೀಟರಿನ ಗಾಯವನ್ನು ಅಂಚು ಸಡಿಲಿಸಿ ನೇರವಾಗಿ ಹೊಲಿಯಬಹುದು. ಇನ್ನೊಂದಷ್ಟು ಗಾಯಗಳನ್ನು ಹೊಲಿಯದೆ ತಾನಾಗಿ ಮಾಯಲು ಬಿಟ್ಟರೂ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಸುತ್ತಲಿಂದ ಚರ್ಮ ಹಬ್ಬಿ ಮುಚ್ಚಿಕೊಳ್ಳುತ್ತದೆ. ಅರಿವಳಿಕೆ ತಾಳದ ವೃದ್ಧರಿಗೆ ಇದು ಗೌರವದ ಚಿಕಿತ್ಸೆಯೇ ಹೊರತು ಕೈಚೆಲ್ಲಿದ್ದಲ್ಲ. ಇವೆರಡಕ್ಕೂ ನಿಲುಕದ ಗಾಯಕ್ಕೆ ನನ್ನ ಒಲವು ಚರ್ಮದ ಕಸಿಯ ಕಡೆಗೆ. ತೊಡೆಯಿಂದ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ತೆಳುವಾದ ಪದರವನ್ನು ಡರ್ಮಟೋಮ್ ಎಂಬ ಯಂತ್ರದಿಂದ ಹೆರೆದು ಗಾಯದ ಮೇಲೆ ಹಾಸುತ್ತಾರೆ. ಮೊದಲ ಎರಡು ದಿನ ಆ ಪದರಕ್ಕೆ ರಕ್ತವಿಲ್ಲ. ತಳದಿಂದ ಒಸರುವ ದ್ರವವನ್ನೇ ಹೀರಿಕೊಂಡು ಬದುಕುತ್ತದೆ. ಆಮೇಲೆ ತಳದ ಸೂಕ್ಷ್ಮ ನಾಳಗಳು ಕಸಿಯ ನಾಳಗಳನ್ನು ಕೂಡಿಕೊಳ್ಳುತ್ತವೆ, ಐದಾರು ದಿನಕ್ಕೆ ಬಿಳಿಚಿದ್ದ ಪದರ ನಸುಗೆಂಪಾಗುತ್ತದೆ. ಆ ಅವಧಿಯಲ್ಲಿ ಅದು ಕದಲಬಾರದು, ಅದರಡಿ ರಕ್ತ ನಿಲ್ಲಬಾರದು. ಅದಕ್ಕೇ ಹತ್ತಿಯ ಉಂಡೆಯನ್ನು ಮೇಲಿಟ್ಟು ಹೊಲಿಗೆಯ ದಾರದಿಂದಲೇ ಬಿಗಿದು ಕಟ್ಟುತ್ತಾರೆ. ಪೆರಿಕ್ರೇನಿಯಂ ಇದ್ದರೆ ಇಷ್ಟು ಸಾಕು. ಬರಿಯ ಮೂಳೆಯ ಮೇಲೆ ಕಸಿ ಹಿಡಿಯದು. ಅಲ್ಲಿ ಬುರುಡೆಯ ಹೊರಪದರವನ್ನು ಡ್ರಿಲ್ಲಿನಿಂದ ಉಜ್ಜಿ, ಒಳಗಿನ ಮೆತ್ತನೆಯ ಮೂಳೆಯಿಂದ ರಕ್ತ ಚುಕ್ಕೆ ಚುಕ್ಕೆಯಾಗಿ ಜಿನುಗುವವರೆಗೆ ಹೋಗುತ್ತಾರೆ. ಆ ರಕ್ತದಿಂದ ಹೊಸ ಮಾಂಸಾಂಕುರ ಏಳುತ್ತದೆ. ಇದು ಹಳೆಯ ಜ್ಞಾನ. ಫ್ರಾನ್ಸಿನ ಬೆಲೋಸ್ತ್ 1696ರಲ್ಲೇ ಬತ್ತಲಾದ ಬುರುಡೆಗೆ ರಂಧ್ರ ಕೊರೆಯುವ ಉಪಾಯ ಬರೆದಿದ್ದ. ಅಮೆರಿಕದ ಗಡಿನಾಡಿನಲ್ಲಿ, ನೆತ್ತಿ ಸುಲಿಸಿಕೊಂಡು ಬದುಕುಳಿದವರ ತಲೆಗೆ ಜೇಮ್ಸ್ ರಾಬರ್ಟ್‌ಸನ್ ಎಂಬಾತ ದಬ್ಬಳದಿಂದ ಹೀಗೆ ರಂಧ್ರ ಕೊರೆದು ಮಾಯಿಸುತ್ತಿದ್ದ. 1806ರಲ್ಲಿ ಅದನ್ನು ಪ್ರಕಟಿಸಿದ.

ಫ್ಲ್ಯಾಪಿನ ಇತಿಹಾಸಕ್ಕೆ ನಮ್ಮ ನೆಲದ ನೇರ ನಂಟಿದೆ. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಬ್ರಿಟಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕವಾಸ್‌ಜಿ ಎಂಬಾತ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕು ಮೂಗು ಕತ್ತರಿಸಿಕೊಂಡ. ಪುಣೆಯ ಬಳಿ ಅವನ ಹಣೆಯ ಚರ್ಮವನ್ನು ಬುಡದಲ್ಲಿ ಉಳಿಸಿಕೊಂಡು ತಿರುಗಿಸಿ ಮೂಗು ಕಟ್ಟಿದರು. 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಇದನ್ನು ಚಿತ್ರಸಮೇತ ಪ್ರಕಟಿಸಿತು, ಯುರೋಪಿನ ಪ್ಲಾಸ್ಟಿಕ್ ಸರ್ಜರಿ ಅಲ್ಲಿಂದ ಮುಂದೆ ಹೊಸ ದಾರಿ ಹಿಡಿಯಿತು. ಆ ಹಣೆಯ ತುಂಡನ್ನು ಬದುಕಿಸಿದ್ದು ಹುಬ್ಬಿನ ಒಳತುದಿಯಿಂದ ನೆತ್ತಿಯ ಮುಂಭಾಗಕ್ಕೆ ಏರುವ ಅದೇ ರಕ್ತನಾಳ. ನೆತ್ತಿಗೇ ನೆತ್ತಿಯ ಚರ್ಮ ಬಳಸುವ ಕಲೆಯನ್ನು ಕೊಲಂಬಿಯಾದ ಮಿಗೆಲ್ ಓರ್ಟಿಕೋಚಿಯಾ ಬೆಳೆಸಿದರು. ಉಳಿದ ನೆತ್ತಿಯನ್ನು ನಾಲ್ಕು, ಆಮೇಲೆ ಮೂರು ಫ್ಲ್ಯಾಪುಗಳಾಗಿ ಸೀಳಿ, ಗೇಲಿಯಾ ಹಾಳೆಯ ಮೇಲೆ ಸಾಲುಸಾಲಾಗಿ ಗೀರಿ ಸಡಿಲಿಸಿ ಎಲ್ಲವನ್ನೂ ನಡುವಿಗೆ ತರುವುದು. ಒಂದೊಂದು ಗೀರಿನಿಂದ ಸಿಗುವುದು ಮಿಲಿಮೀಟರಿನ ಲೆಕ್ಕ. ಗೀರು ಸ್ವಲ್ಪ ಆಳವಾದರೆ ಮೇಲಿರುವ ರಕ್ತನಾಳವೇ ಕತ್ತರಿಸಿಹೋಗುತ್ತದೆ. ಫ್ಲ್ಯಾಪಿನ ದೊಡ್ಡ ಗುಣ, ಅದು ಕೂದಲನ್ನು ಜೊತೆಗೆ ತರುತ್ತದೆ. ಶುದ್ಧ ಅಂಚು, ಮಧ್ಯಮ ಗಾತ್ರ, ತಲೆತುಂಬ ಕೂದಲಿರುವ ರೋಗಿ: ಈ ಮೂರೂ ಇದ್ದಲ್ಲಿ ಅದಕ್ಕಿಂತ ಚೆಂದದ ಮುಚ್ಚುಗೆ ಇಲ್ಲ.

ಇನ್ನೂ ದೊಡ್ಡ ಗಾಯಕ್ಕೆ ಬೇರೆ ಅಂಗದಿಂದಲೇ ಮಾಂಸ ತರಬೇಕು. ಸ್ಯಾನ್ ಫ್ರಾನ್ಸಿಸ್ಕೋದ ಮೆಕ್‌ಲೀನ್ ಮತ್ತು ಬಂಕಿ ಹೊಟ್ಟೆಯೊಳಗಿನ ಕೊಬ್ಬಿನ ಪರದೆಯನ್ನು ಅದರ ರಕ್ತನಾಳ ಸಮೇತ ತೆಗೆದು ನೆತ್ತಿಯ ಮೇಲಿಟ್ಟು, ಕಿವಿಯ ಮುಂದಿನ ನಾಳಗಳಿಗೆ ಸೂಕ್ಷ್ಮದರ್ಶಕದಡಿ ಹೊಲಿದ ಶಸ್ತ್ರಚಿಕಿತ್ಸೆಯನ್ನು 1972ರಲ್ಲಿ ವರದಿ ಮಾಡಿದರು. ಇಂದು ಜಗತ್ತಿನೆಲ್ಲೆಡೆ ನಡೆಯುವ ಇಂಥ ಶಸ್ತ್ರಚಿಕಿತ್ಸೆಗಳ ಆರಂಭದ ಮೈಲಿಗಲ್ಲು ನೆತ್ತಿಗಾಗಿಯೇ ಮಾಡಿದ್ದು. ಈಗ ಸಾಮಾನ್ಯವಾಗಿ ಬೆನ್ನಿನ ಅಗಲ ಸ್ನಾಯುವನ್ನು ತಂದು ಮೇಲೆ ತೆಳು ಕಸಿ ಹಾಕುತ್ತಾರೆ, ಇಲ್ಲವೇ ತೊಡೆಯ ಹೊರಬದಿಯ ಚರ್ಮವನ್ನು ತರುತ್ತಾರೆ. ನಾಳ ಹೊಲಿಯುವ ನೈಲಾನ್ ದಾರ ಕೂದಲಿಗಿಂತ ತೆಳು. ಶಸ್ತ್ರಚಿಕಿತ್ಸೆ ಎಂಟು ಹತ್ತು ಗಂಟೆ ಹಿಡಿಯಬಹುದು. ಸರಳವಾದದ್ದು ಸಾಕು ಎನ್ನುವ ನನ್ನ ವಾದ ಇಲ್ಲಿ ತಲೆಬಾಗುತ್ತದೆ. ಗಾಯದ ಮೇಲೆ ಮುಂದೆ ವಿಕಿರಣ ಚಿಕಿತ್ಸೆ ಕೊಡಬೇಕಾಗಿದ್ದರೆ, ಅಥವಾ ಹಿಂದೆಯೇ ಕೊಟ್ಟಾಗಿದ್ದರೆ, ಉಜ್ಜಿದ ಮೂಳೆಯ ಮೇಲಿನ ತೆಳು ಕಸಿ ಬಹಳ ದಿನ ಬಾಳುವುದಿಲ್ಲ. ಅದು ಬಿರಿದು ಮೂಳೆ ಮತ್ತೆ ಹೊರಬರುತ್ತದೆ, ಮೂಳೆಯೇ ಕೊಳೆಯಲೂಬಹುದು. ಅಲ್ಲಿ ಸ್ವಂತ ರಕ್ತಸಂಚಾರವಿರುವ ದಪ್ಪ ಹೊದಿಕೆಯೇ ಬೇಕು. ವಯಸ್ಸು ಎಂಬತ್ತಾಯಿತು ಎಂಬ ಒಂದೇ ಕಾರಣಕ್ಕೆ ಅದನ್ನು ನಿರಾಕರಿಸುವುದೂ ಸರಿಯಲ್ಲ. ಹೃದಯ, ಶ್ವಾಸಕೋಶಗಳ ಸ್ಥಿತಿ ಹುಟ್ಟಿದ ವರ್ಷಕ್ಕಿಂತ ಮುಖ್ಯ.

ಎರಡನೆಯ ಆಕ್ಷೇಪ ರೂಪದ್ದು, ಮತ್ತು ಇದನ್ನು ಹಗುರವಾಗಿ ನೋಡುವವರ ಬಗ್ಗೆ ನನಗೆ ಬೇಸರವಿದೆ. ಕಸಿ ಮಾಡಿದ ಜಾಗ ತಗ್ಗಾಗಿ, ಹೊಳಪಾಗಿ, ಕೂದಲಿಲ್ಲದೆ ಕಾಣುತ್ತದೆ. ಕೂದಲುದುರಿದ ಎಪ್ಪತ್ತರ ಗಂಡಸಿಗೆ ಅದು ಅಷ್ಟೇನೂ ಕಾಡದಿರಬಹುದು. ಹಳೆಯ ಸುಟ್ಟ ಕಲೆಯಲ್ಲಿ ಕ್ಯಾನ್ಸರ್ ಎದ್ದ ನಲವತ್ತರ ಹೆಣ್ಣುಮಗಳಿಗೆ ನೆತ್ತಿಯ ನಡುವಿನ ಬೋಳು ದಿನವೂ ಕನ್ನಡಿಯಲ್ಲಿ ಎದುರಾಗುವ ನೋವು. ಹಬ್ಬ, ಮದುವೆಗಳಿಗೆ ಹೋಗುವುದನ್ನೇ ನಿಲ್ಲಿಸುವಷ್ಟು. "ಜೀವ ಉಳೀತಲ್ಲ, ಕೂದಲಿಗೇನು" ಎಂದು ಆಕೆಗೆ ಹೇಳುವುದು ಕ್ರೌರ್ಯ. ಆದರೆ ಕಸಿ ಆಕೆಯ ಪಾಲಿನ ಕೊನೆಯ ಮಾತಲ್ಲ. ಕಾಯಿಲೆ ಮರಳಿಲ್ಲವೆಂದು ಒಂದು ಅವಧಿ ನೋಡಿದ ಮೇಲೆ, ಉಳಿದ ಕೂದಲಿನ ಚರ್ಮದಡಿ ಸಿಲಿಕೋನ್ ಚೀಲವೊಂದನ್ನು ಇಟ್ಟು, ಸೂಜಿಯಿಂದ ವಾರವಾರ ಸಲೈನ್ ತುಂಬಿಸುತ್ತಾ ಎರಡು ಮೂರು ತಿಂಗಳಲ್ಲಿ ಚರ್ಮವನ್ನು ಹಿಗ್ಗಿಸಬಹುದು. ಟಿಶ್ಯೂ ಎಕ್ಸ್‌ಪ್ಯಾಂಡರ್ ಎಂಬ ಈ ಚೀಲ ಹೊಸ ಕೂದಲ ಬುಡಗಳನ್ನು ಹುಟ್ಟಿಸುವುದಿಲ್ಲ, ಇರುವುದನ್ನೇ ಹರಡುತ್ತದೆ. ಆದರೂ ದಟ್ಟಣೆ ಅರ್ಧಕ್ಕಿಳಿಯುವ ತನಕ ನೋಡುವವರಿಗೆ ವ್ಯತ್ಯಾಸ ತಿಳಿಯದು. ನೆತ್ತಿಯ ಅರ್ಧದಷ್ಟು ಭಾಗವನ್ನು ಹೀಗೆ ಕೂದಲಿನ ಚರ್ಮದಿಂದ ಮುಚ್ಚಲು ಸಾಧ್ಯ. ಹಿಗ್ಗುತ್ತಿರುವ ತಿಂಗಳುಗಳಲ್ಲಿ ತಲೆ ಉಬ್ಬಿಕೊಂಡು ಕಾಣುತ್ತದೆ, ಸ್ಕಾರ್ಫ್ ಇಲ್ಲದೆ ಹೊರಗೆ ಹೋಗುವುದು ಕಷ್ಟ. ಇದನ್ನು ಮೊದಲೇ ಬಿಡಿಸಿ ಹೇಳಬೇಕು. ಕ್ಯಾನ್ಸರ್ ಇನ್ನೂ ಇರುವಾಗ ಚೀಲ ಇಟ್ಟು ತಿಂಗಳು ಕಾಯಲಾಗದು. ಕಾಯಿಲೆ ತೀರಿದ ಮೇಲೆ ಕಾಯಬಹುದು. ಅಷ್ಟು ದಿನ ತೆಳು ಕಸಿಯ ಮೇಲೆ ಹೊಸದಾಗಿ ಒಂದು ಸಣ್ಣ ಗಂಟೆದ್ದರೂ ಬೆರಳಿಗೆ ತಕ್ಷಣ ಸಿಗುತ್ತದೆ. ದಪ್ಪ ಫ್ಲ್ಯಾಪಿನಡಿ ಅದೇ ಗಂಟು ದೊಡ್ಡದಾದ ಮೇಲೆ ತಿಳಿಯುತ್ತದೆ.

ಮೂರನೆಯ ಆಕ್ಷೇಪ ನಮ್ಮ ಪರಿಸ್ಥಿತಿಯದು. ಬೀದರಿನಿಂದಲೋ ರಾಯಚೂರಿನಿಂದಲೋ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಗೆ ಬಂದವರು ಎಷ್ಟು ಸಲ ಓಡಾಡಿಯಾರು? ಜೊತೆಗೆ ಬಂದವರ ಕೂಲಿ ಹೋಗುತ್ತದೆ, ತಂಗಲು ಜಾಗವಿಲ್ಲ, ಒಮ್ಮೆ ಮನೆಗೆ ಹೋದವರು ಮತ್ತೆ ಬರುವ ಖಾತ್ರಿಯಿಲ್ಲ. ಒಂದೇ ಸಲಕ್ಕೆ ತೆಗೆದು ಮುಚ್ಚಿ ಕಳಿಸುವುದು ಮಾನವೀಯವಲ್ಲವೇ ಎಂದು ಕೇಳುವ ಸರ್ಜನ್ನರ ಮಾತಿನಲ್ಲಿ ಅನುಭವದ ತೂಕವಿದೆ. ನಾನು ಒಪ್ಪುವುದಿಷ್ಟು: ಗಡ್ಡೆ ಸಣ್ಣದು, ಅಂಚು ಸ್ಪಷ್ಟ, ನೇರ ಹೊಲಿಗೆಗೆ ಬಗ್ಗುವ ಗಾಯ ಎಂದಾದರೆ ಅಂದೇ ಮುಚ್ಚಿ ಕಳಿಸಲಿ, ಹೊಲಿಗೆಯ ಗೆರೆ ಅಲ್ಲೇ ಇರುತ್ತದೆ, ವರದಿ ಕೆಟ್ಟದಾಗಿ ಬಂದರೆ ಆ ಗೆರೆಯನ್ನೇ ಹಿಡಿದು ಮತ್ತೆ ತೆಗೆಯಬಹುದು. ಗಾಯ ದೊಡ್ಡದಾಗಿದ್ದು, ಮತ್ತೆ ಬರಲಾಗುವುದೇ ಇಲ್ಲ ಎನ್ನುವ ರೋಗಿಗೆ ಅದೇ ದಿನ ತೆಳು ಕಸಿ ಹಾಕುವುದೂ ಸರಿ. ಕಸಿ ಅಂಚುಗಳನ್ನು ಸರಿಸುವುದಿಲ್ಲ. ಗಾಯದ ನಕ್ಷೆ ಹಾಗೇ ಉಳಿಯುತ್ತದೆ. ಆದರೆ ದೂರದ ಊರಿನವರು ಎಂಬ ಕಾರಣಕ್ಕೆ ಅಂಚು ಗೊತ್ತಿಲ್ಲದೆ ದೊಡ್ಡ ಫ್ಲ್ಯಾಪ್ ತಿರುಗಿಸುವುದನ್ನು ಒಪ್ಪಲಾರೆ. ಮರುಕಳಿಸಿದ ಕ್ಯಾನ್ಸರ್ ಆ ಕುಟುಂಬವನ್ನು ಇನ್ನೂ ಹೆಚ್ಚು ಸಲ, ಇನ್ನೂ ದೊಡ್ಡ ಶಸ್ತ್ರಚಿಕಿತ್ಸೆಗೆ ಓಡಾಡಿಸುತ್ತದೆ. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲೇ ಹೆಪ್ಪುಗಟ್ಟಿಸಿ ನೋಡುವ ಫ್ರೋಜನ್ ಸೆಕ್ಷನ್ ಇದೆಯಲ್ಲ ಎನ್ನಬಹುದು. ಬೇಸಲ್ ಸೆಲ್, ಸ್ಕ್ವಾಮಸ್ ಜಾತಿಗಳಿಗೆ ಅದು ನೆರವಾಗುತ್ತದೆ. ಮೆಲನೋಮಾದಲ್ಲಿ, ರಕ್ತನಾಳದ ಒಳಪದರದಿಂದ ಏಳುವ ಆಂಜಿಯೋಸಾರ್ಕೋಮಾದಲ್ಲಿ ಹೆಪ್ಪುಗಟ್ಟಿದ ತುಂಡನ್ನು ನಂಬಿ ಮುಂದುವರಿಯುವುದು ಅಪಾಯ. ಆಂಜಿಯೋಸಾರ್ಕೋಮಾ ಅಂತೂ ಮೇಲೆ ಬರೀ ತರಚಿದ ಕಲೆಯಷ್ಟು ಕಂಡು ಒಳಗೊಳಗೇ ಅಂಗೈಯಗಲ ಹಬ್ಬಿರುತ್ತದೆ.

ಔಷಧಗಳು ಬಂದ ಮೇಲೂ ಈ ಕತ್ತರಿಸುವಿಕೆ ಬೇಕೇ ಎಂಬ ಪ್ರಶ್ನೆ ಉಳಿಯುತ್ತದೆ. ಶಸ್ತ್ರಚಿಕಿತ್ಸೆಗೆ ಒಗ್ಗದ ಸ್ಕ್ವಾಮಸ್ ಕ್ಯಾನ್ಸರಿಗೆ ಸೆಮಿಪ್ಲಿಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧಕ್ಕೆ ಅಮೆರಿಕದಲ್ಲಿ 2018ರಲ್ಲಿ ಅನುಮತಿ ಸಿಕ್ಕಿತು. 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 79 ರೋಗಿಗಳಿಗೆ ಶಸ್ತ್ರಚಿಕಿತ್ಸೆಗೆ ಮುಂಚೆ ಇದನ್ನು ಕೊಟ್ಟರು. ಆಮೇಲೆ ತೆಗೆದ ಅಂಗಾಂಶದಲ್ಲಿ 40 ಮಂದಿಗೆ ಜೀವಂತ ಕ್ಯಾನ್ಸರ್ ಕೋಶವೇ ಇರಲಿಲ್ಲ. ಅರ್ಧ ನೆತ್ತಿ ತೆಗೆಯಬೇಕಿದ್ದವರಿಗೆ ಮುಂದೆ ಸಣ್ಣ ಗಾಯದಲ್ಲೇ ಮುಗಿಯಬಹುದು ಎಂಬ ಆಸೆಗೆ ಇದು ಗಟ್ಟಿ ಆಧಾರ. ಆದರೆ ಆ 40 ಮಂದಿ ಯಾರು ಎಂದು ಖಚಿತವಾಗಿ ತಿಳಿದದ್ದು ತೆಗೆದ ತುಂಡನ್ನು ಪ್ಯಾಥಾಲಜಿಸ್ಟ್ ನೋಡಿದ ಮೇಲೆ. ಕುಗ್ಗಿದ ಗಡ್ಡೆ ಒಂದೇ ಉಂಡೆಯಾಗಿ ಕುಗ್ಗದೆ ಅಲ್ಲಲ್ಲಿ ಸಣ್ಣ ನಡುಗಡ್ಡೆಗಳನ್ನು ಬಿಟ್ಟಿರಬಹುದಾದ್ದರಿಂದ, ಔಷಧ ಪಡೆದವರಲ್ಲಿ ಅಂಚು ನೋಡುವ ಕೆಲಸ ಇನ್ನಷ್ಟು ಜಾಗ್ರತೆ ಬೇಡುತ್ತದೆ. ಔಷಧದ ಬೆಲೆ ನಮ್ಮಲ್ಲಿ ಬಹಳಷ್ಟು ಮಂದಿಯ ಕೈಗೆ ಎಟುಕುವಂಥದ್ದಲ್ಲ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರಿಗಂತೂ, ಎಚ್ಚರಗೊಂಡ ರೋಗನಿರೋಧಕ ಶಕ್ತಿ ಕ್ಯಾನ್ಸರಿನ ಜೊತೆಗೆ ಹೊಸ ಮೂತ್ರಪಿಂಡದ ಮೇಲೂ ಎರಗುವ ಭಯವಿದೆ; ಅವರ ಪಾಲಿಗೆ ಇವತ್ತಿಗೂ ಮೊದಲ ಚಿಕಿತ್ಸೆ ಶಸ್ತ್ರಚಿಕಿತ್ಸೆಯೇ.